ಹದಿನೇಳನೆಯ ಮಗುವಿನ ಅಳು

ಒಂದು ವರ್ಷ ಎರಡು ತಿಂಗಳು ತಾಯಮ್ಮ ಹಲ್ಲು ಕಚ್ಚಿಕೊಂಡು ಕಾದಿದ್ದು ಈ ಬೆಳಗಿಗೇ. ಶಿಶು ವಿಕಾಸ ವಿಭಾಗದ ಸಂಶೋಧಕರಲ್ಲಿ ಮಗುವಿದ್ದವಳು ಅವಳೊಬ್ಬಳೇ, ಅದಕ್ಕೇ ಜೊತೆಯವರು ಇಟ್ಟ ಅಡ್ಡಹೆಸರು ತಾಯಮ್ಮ. ಸಭಾಂಗಣದ ಕೊನೆಯ ಸಾಲಿನಲ್ಲಿ ಕೂತು ಅವಳು, ವೇದಿಕೆಯಲ್ಲಿ ಪಿಎಚ್‌ಡಿ ಪ್ರಬಂಧ ಒಪ್ಪಿಸುತ್ತಿದ್ದ ಹುಡುಗಿಯನ್ನೂ, ಮುಂದಿನ ಸಾಲಿನಲ್ಲಿ ಬೀಗುತ್ತ ಕೂತಿದ್ದ ಪ್ರೊಫೆಸರ್ ಮೇಡಂ ಅವರನ್ನೂ ನೋಡುತ್ತಿದ್ದಳು. ಹುಡುಗಿ ಮೇಡಂ ಅವರ ಸೊಸೆ. ಪ್ರಬಂಧ ಮಾತ್ರ ತಾಯಮ್ಮನದು.

ಕೆಲಸ ಇಷ್ಟು: ಆಟದ ಕೋಣೆಯಲ್ಲಿ ಮಗುವನ್ನು ಬಿಟ್ಟು ಅದರ ತಾಯಿ ಐದು ನಿಮಿಷ ಹೊರಗೆ ಹೋಗುತ್ತಾಳೆ. ಮಗು ಏನು ಮಾಡುತ್ತದೆಂದು ಗಾಜಿನ ಹಿಂದಿನಿಂದ ವಿಡಿಯೋ ತೆಗೆಯಬೇಕು. ಆಮೇಲೆ ಅದನ್ನು ನೋಡುತ್ತ ಹದಿನೈದು ಸೆಕೆಂಡಿಗೊಂದು ಗುರುತು ಹಾಕಬೇಕು: ಅತ್ತಿತು, ಆಡಿತು, ಬಾಗಿಲು ನೋಡಿತು. ಇನ್ನೊಬ್ಬರು ಈ ಹಾಳೆಯನ್ನು ಕಣ್ಣೆತ್ತಿಯೂ ನೋಡದೆ ಅದೇ ವಿಡಿಯೋಗೆ ತಮ್ಮದೇ ಗುರುತು ಹಾಕಬೇಕು. ಎರಡೂ ಹತ್ತಿರ ಹತ್ತಿರ ಹೊಂದಿದರೆ ಸೈ.

ಅಂಥ ನಲವತ್ತು ಮಕ್ಕಳ ಹಾಳೆ ತುಂಬಿ ತಾಯಮ್ಮ ಮೇಡಂಗೆ ಮೇಲ್ ಮಾಡಿದ್ದಳು. ಮಾರನೆಯ ವಾರವೇ ಕರೆಸಿ ಹೇಳಿದರು:

"ನೋಡಮ್ಮ, ಮನೇಲಿ ಮಗು ಇಟ್ಕೊಂಡು ಈ ಕೆಲಸ ಆಗಲ್ಲ. ಬೇರೆಯವರು ಮುಂದುವರಿಸ್ತಾರೆ. ನೀನು ನಿನ್ನ ಮಗಳನ್ನ ನೋಡ್ಕೋ, ಹೋಗು."

ಎರಡು ವರ್ಷದ ದುಡಿಮೆ! ವಿಭಾಗದ ಮುಖ್ಯಸ್ಥರ ಹತ್ತಿರ ಹೋದರೆ, "ಎರಡನೇ ಸಲ ನೋಡಿ ಗುರುತು ಹಾಕಿದ್ದು ಮೇಡಂ ತಾನೆ? ನಿಮ್ಮದನ್ನೇ ಕದ್ದರು ಅನ್ನೋಕೆ ಏನಿದೆ?" ಅಂದರು. ಇತ್ತು. ಆದರೆ ಅವತ್ತು ಅವಳು ಬಾಯಿ ಬಿಡಲಿಲ್ಲ. ಅಚ್ಚಾಗಲಿ, ರಟ್ಟು ಹಾಕಿಸಲಿ, ಹೊರಗಿನ ಪರೀಕ್ಷಕರ ಮುಂದೆ ಬರಲಿ. ಉಪ್ಪು ತಿಂದವರು ನೀರು ಕುಡಿಯಲೇಬೇಕಲ್ಲ, ಕೊಡ ತುಂಬಿಸಿಟ್ಟುಕೊಂಡು ಕಾಯೋಣ ಅಂದುಕೊಂಡಳು.

"ಸಭಿಕರಿಂದ ಪ್ರಶ್ನೆ ಏನಾದರೂ?" ಬಿಳಿ ಗಡ್ಡದ ಪರೀಕ್ಷಕರು ಕೇಳಿದರು.

ತಾಯಮ್ಮ ಎದ್ದಳು.

"ಹದಿನೇಳನೇ ಮಗು ನಾಲ್ಕು ನಿಮಿಷ ಅತ್ತಿದೆ ಅಂತ ನೀವೂ ಮೇಡಮ್ಮೂ ಇಬ್ಬರೂ ಬರೆದಿದೀರಿ. ಆ ವಿಡಿಯೋ ಒಂದ್ಸಲ ಹಾಕ್ತೀರಾ?"

"ಅದೆಲ್ಲ ಈಗ ಬೇಡ," ಮೇಡಂ ತಿರುಗಿಯೂ ನೋಡದೆ ಅಂದರು.

"ಹಾಕಿ, ನೋಡೋಣ," ಅಂದರು ಪರೀಕ್ಷಕರು.

ಪರದೆಯ ಮೇಲೆ ಹಳದಿ ಅಂಗಿಯ ಮಗು ಮರದ ತುಂಡುಗಳನ್ನು ಒಂದರ ಮೇಲೊಂದು ಪೇರಿಸುತ್ತ ಆರಾಮಾಗಿ ಕೂತಿತ್ತು. ಬಾಯಿ ಮುಚ್ಚಿತ್ತು. ಅಳು ಮಾತ್ರ ಕೇಳುತ್ತಿತ್ತು, ಗೋಡೆಯಾಚೆಯಿಂದ, ಜೋರಾಗಿ.

ಸೊಸೆಯ ಮುಖ ಸುಣ್ಣವಾಯಿತು. ಪರೀಕ್ಷಕರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಅಲ್ಲಮ್ಮ, ಈ ಮಗು ಅಳ್ತಾನೇ ಇಲ್ಲವಲ್ಲ! ಹದಿನಾರಕ್ಕೆ ಹದಿನಾರು ಗುರುತೂ ಇಬ್ಬರೂ ತಪ್ಪು ಹಾಕಿದೀರಾ? ಬೇರೆ ಬೇರೆ ಕೂತು?"

"ಮೈಕ್ ತೊಂದರೆ ಸರ್..." ಮೇಡಂ ತಡವರಿಸಿದರು.

"ಮೈಕ್ ಸರಿ ಇದೆ," ತಾಯಮ್ಮ ಅಂದಳು. "ತಪ್ಪು ನಂದು. ಕಣ್ಣು ಹಾಳೆ ಮೇಲೆ ಇಟ್ಟು, ಕಿವೀಲಿ ಕೇಳಿದ್ದನ್ನೇ ಗುರುತು ಹಾಕಿಬಿಟ್ಟಿದ್ದೆ. ಮೇಲ್ ಕಳಿಸಿದ ಮೇಲೆ ಗೊತ್ತಾಯ್ತು. ಹೇಳೋಣ ಅಂತಿದ್ದ ದಿನಾನೇ ಇವರು ಕರೆಸಿ ನನ್ನ ಓಡಿಸಿದ್ರು. ತಗೊಳ್ಳಿ, ತಾರೀಖು ಸಮೇತ ಮೇಲ್ ಇಲ್ಲಿದೆ. ನನ್ನ ತಪ್ಪನ್ನೂ ಬಿಡದೆ ಕದ್ದಿದಾರೆ ಸರ್, ಪುಣ್ಯಾತ್ಮರು!"

ನಡುವಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮೇಡಂ ಕೈಯಲ್ಲಿದ್ದ ಪ್ರಬಂಧದ ಪ್ರತಿಯನ್ನು ಪರೀಕ್ಷಕರೇ ಎದ್ದು ಬಂದು ಇಸಿದುಕೊಂಡರು. "ಇದು ಇವತ್ತಿಗೆ ನಿಲ್ಲಲಿ. ವಿಚಾರಣೆ ಆಗಬೇಕು," ಅಂದರು. ತಾಯಮ್ಮನ ಹೊಟ್ಟೆ ತಣ್ಣಗಾಯಿತು. ಅಬ್ಬಾ, ಎಷ್ಟು ತಣ್ಣಗೆ! ಮೇಡಂ ತಲೆ ತಗ್ಗಿಸಿದ್ದನ್ನು ಕಣ್ತುಂಬ ನೋಡಿದಳು.

ಗಲಾಟೆಯಲ್ಲಿ ವಿಡಿಯೋ ನಿಲ್ಲಿಸಲು ಯಾರಿಗೂ ನೆನಪಾಗಿರಲಿಲ್ಲ. "ಅಮ್ಮಾ, ಬಾಗಿಲು ತೆಗಿ," ಅನ್ನುತ್ತಿತ್ತು ಗೋಡೆಯಾಚೆಯ ಆ ಅಳುವ ಧ್ವನಿ.

"ಅಳ್ತಿರೋದು ಯಾರಮ್ಮ ಹಾಗಾದ್ರೆ?" ಪರೀಕ್ಷಕರು ಕೇಳಿದರು.

"ನನ್ನ ಮಗಳು. ಅವತ್ತು ನೋಡ್ಕೊಳ್ಳೋರು ಯಾರೂ ಇರಲಿಲ್ಲ, ಆಟದ ಕೋಣೆ ಹೊರಗೆ ಬೆಂಚಿನ ಮೇಲೆ ಕೂರಿಸಿದ್ದೆ. ಗಾಜಿನ ಹಿಂದೆ ನನಗೆ ಕೇಳಿಸ್ಲಿಲ್ಲ." ಆಮೇಲೆ ಕೇಳಿಸಿದಾಗಲೂ ಅವಳಿಗೆ ಗುರುತು ಸಿಕ್ಕಿರಲಿಲ್ಲ. ಇನ್ನೊಮ್ಮೆ ವಿಡಿಯೋ ಹಾಕಿದಾಗ ಪಕ್ಕದಲ್ಲಿ ಅನ್ನ ತಿನ್ನುತ್ತಿದ್ದ ಮಗಳೇ, "ಅಮ್ಮಾ, ಇದು ನಾನು," ಅಂದಿದ್ದಳು. ಅದನ್ನು ಅವಳು ಈ ಸಭೆಗೆ ಹೇಳಲಿಲ್ಲ.

ನಾಲ್ಕನೇ ನಿಮಿಷಕ್ಕೆ ಅಳು ನಿಂತಿತು.

"ಸದ್ಯ, ಯಾರೋ ಬಾಗಿಲು ತೆಗೆದ್ರು," ಅಂದರು ಪರೀಕ್ಷಕರು.

"ಇಲ್ಲ ಸರ್," ಅಂದಳು ತಾಯಮ್ಮ. "ಯಾರೂ ತೆಗೀಲಿಲ್ಲ."