ಹೊಡೆದು ಹಾಕಿದ ಸಾಲು

ಕ್ಲಬ್ಬಿನ ಮಹಿಳಾ ಫುಟ್‌ಬಾಲ್ ತಂಡದ ಗೋಲ್‌ಕೀಪರ್ ಅವಳು. ಎಲ್ಲರೂ ಕರೆಯುತ್ತಿದ್ದದ್ದು ‘ಗೋಡೆ’ ಎಂದೇ. ಹೋದ ವರ್ಷ ಕ್ಲಬ್ಬು ಕಪ್ ಗೆದ್ದದ್ದು ಅವಳಿಂದ. ಹಾಗಾಗಿ ಹೊಸ ಒಪ್ಪಂದದ ಮಾತುಕತೆಗೆ ಅವಳ ಏಜೆಂಟ್, ಅಂದರೆ ಸ್ವಂತ ಅಣ್ಣ, ಕೋಟು ತೊಟ್ಟು ಎದೆಯುಬ್ಬಿಸಿಕೊಂಡೇ ಬಂದಿದ್ದ.

ಮೂರು ವರ್ಷದ ಒಪ್ಪಂದ, ಇರಲು ಮನೆ, ಜೊತೆಗೊಂದು ಕಾರು. ಕ್ಲಬ್ಬಿನ ಮ್ಯಾನೇಜರ್ ಒಂದೊಂದಾಗಿ ಹೇಳುತ್ತಾ ಹೋದಂತೆ ಅಣ್ಣನ ಮುಖ ಅರಳಿತು. ಸಹಿ ಮಾಡೆಂದು ತಂಗಿಗೆ ಸನ್ನೆ ಮಾಡಿದ.

ಅವಳು ಪುಟ ತಿರುವಿ ಒಂದು ಸಾಲಿನ ಮೇಲೆ ಬೆರಳಿಟ್ಟಳು. “ಇದೇನ್ ಸಾರ್? ಬಸುರಿಯಾದ್ರೆ ಒಪ್ಪಂದ ರದ್ದು ಅಂತಿದೆ?”

“ಅಯ್ಯೋ, ಅದು ಎಲ್ಲರದ್ರಲ್ಲೂ ಇರೋದೇ ಅಮ್ಮಾ.”

“ಗಂಡಸರ ತಂಡದವರದ್ರಲ್ಲೂ ಇದೆಯಾ?”

ಮ್ಯಾನೇಜರ್ ನಕ್ಕ. ಅವಳು ನಗಲಿಲ್ಲ. ಅಣ್ಣ ಮೇಜಿನಡಿ ಅವಳ ಕಾಲು ತುಳಿದು, “ಪುಟ್ಟಿ, ಏನಾದ್ರೂ... ವಿಶೇಷ ಇದೆಯಾ?” ಎಂದು ಪಿಸುಗುಟ್ಟಿದ.

“ಈಗೇನೂ ಇಲ್ಲ ಕಣೋ. ಮುಂದೆ ಇರಬಹುದಲ್ಲ? ಕಾಲು ಮುರ್ಕೊಂಡ್ರೆ ಸಂಬಳ ಕೊಟ್ಟು ನೋಡ್ಕೋತಾರೆ, ಮಗು ಆದ್ರೆ ಮನೆಗೆ ಹೋಗು ಅಂತಾರೆ. ಯಾವೂರ ನ್ಯಾಯ ಇದು?” ಎಂದವಳು ಮ್ಯಾನೇಜರ್ ಕಡೆ ತಿರುಗಿದಳು. “ಈ ಸಾಲು ಹೊಡೆದು ಹಾಕಿ ಸಾರ್. ಹೆರಿಗೆ ರಜೆಯಲ್ಲಿ ಸಂಬಳ, ವಾಪಸ್ ಬಂದಾಗ ತಂಡದಲ್ಲಿ ಜಾಗ, ಎರಡನ್ನೂ ಬರೆದು ಕೊಡಿ. ಬೇಕಾದ್ರೆ ಕಾರು ನೀವೇ ಇಟ್ಕೊಳ್ಳಿ.”

ಕಾರಿನ ಮಾತು ಕೇಳಿ ಅಣ್ಣ ಕಣ್ಣು ಮುಚ್ಚಿಕೊಂಡ.

“ನಿಮಗೆ ಕೊಟ್ರೆ ನಾಳೆ ಉಳಿದವರೂ ಕೇಳ್ತಾರೆ,” ಎಂದ ಮ್ಯಾನೇಜರ್.

“ಕೇಳಲಿ. ಕೇಳಿ ಅಂತ ನಾನೇ ಹೇಳ್ತೀನಿ.”

ಈಗ ಅಣ್ಣನಿಗೂ ಧೈರ್ಯ ಬಂತು. ಗಂಟಲು ಸರಿಮಾಡಿಕೊಂಡು, “ಬೇರೆ ಎರಡು ಕ್ಲಬ್ಬಿನವರು ನನಗೆ ಫೋನ್ ಮಾಡ್ತಾನೇ ಇದ್ದಾರೆ ಸಾರ್,” ಎಂದ. ಅದು ಸುಳ್ಳಾಗಿರಲಿಲ್ಲ.

ಮ್ಯಾನೇಜರ್ ಹೊರಗೆ ಹೋಗಿ ಮಾಲೀಕರ ಜೊತೆ ಬಹಳ ಹೊತ್ತು ಮಾತಾಡಿ ಬಂದ. “ಸಂಬಳ, ಜಾಗ ಎರಡಕ್ಕೂ ಒಪ್ಪಿದ್ದಾರೆ. ಆದ್ರೆ ಒಪ್ಪಂದ ಮೂರು ವರ್ಷಕ್ಕಲ್ಲ, ಎರಡಕ್ಕೆ. ಕಾರೂ ಇಲ್ಲ.”

ಅಣ್ಣ ಬಾಯಿ ತೆರೆಯುವಷ್ಟರಲ್ಲಿ ಅವಳೆಂದಳು: “ಎರಡು ವರ್ಷ ಆದ್ಮೇಲೆ ನೀವೇ ನನ್ನ ಹುಡ್ಕೊಂಡು ಬರ್ತೀರ. ಆಗ ಮಾತಾಡೋಣ.” ಮ್ಯಾನೇಜರ್ ಆ ಸಾಲಿನ ಮೇಲೆ ಗೆರೆ ಎಳೆದು, ಹೊಸದನ್ನು ಬರೆಸಿದ. ಅವಳು ಎರಡೆರಡು ಸಲ ಓದಿ ಸಹಿ ಹಾಕಿದಳು.

ಮೈದಾನಕ್ಕಿಳಿದಾಗ ಅಭ್ಯಾಸ ಶುರುವಾಗಿ ಹೋಗಿತ್ತು. “ಒಪ್ಪಂದ ಆಯ್ತೇನಮ್ಮಾ?” ಎಂದು ಕೋಚ್ ಕೇಳಿದರು.

“ಆಯ್ತು ಸಾರ್.”

“ಸಂತೋಷ. ತಡವಾಗಿ ಬಂದಿದ್ದೀಯ, ಮೈದಾನ ಸುತ್ತಿ ಬಾ.”

ಅವಳು ನಗುತ್ತಲೇ ಓಡತೊಡಗಿದಳು.