ಸ್ತ್ರೀಯರಿಗೆ ಪ್ರತ್ಯೇಕ ಆಸನ

ರವೀಶನ ಮಗಳ ನಾಮಕರಣಕ್ಕೆ ಕೊತ್ತಗೆರೆಯ ಬಸ್ಸು ಹತ್ತುವಾಗಲೇ ನನಗೆ ಗೊತ್ತಿತ್ತು, ಊಟ ಆದಮೇಲೆ ಯಾರಾದರೊಬ್ಬರು ಆ ಮಾತು ಎತ್ತೇ ಎತ್ತುತ್ತಾರೆ ಅಂತ. ನಮ್ಮ ಕಾಲೇಜಿನ ನಾಲ್ಕು ಜನ ಎಲ್ಲಿ ಸೇರಿದರೂ ಅದೇ ಕಥೆ. ಹೋಳಿಗೆ ಊಟ ಮುಗಿಸಿ, ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳನ್ನು ದುಂಡಗೆ ಎಳೆದುಕೊಂಡು ಕೂತಿದ್ದೆವು. ಎಲೆಯಡಿಕೆ ತಟ್ಟೆ ಇನ್ನೂ ಒಂದು ಸುತ್ತು ಬಂದಿರಲಿಲ್ಲ.

"ಲೇ ಶಾಂತಲಾ, ಆ ಅನೌನ್ಸ್‌ಮೆಂಟ್ ಮಾಡೇ. ಮೋನಿಕಾ ಕೇಳೇ ಇಲ್ಲ ಕಣೇ," ಅಂದ ರವೀಶ.

ಮೋನಿಕಾ ಅವನ ಹೆಂಡತಿ. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ಪಕ್ಕದಲ್ಲಿ ಅವಳ ಅಣ್ಣ ಅಶ್ವಥ್. ಅವರನ್ನು ನಾನು ಅವತ್ತೇ ಮೊದಲು ನೋಡಿದ್ದು. ಉಳಿದವರು ನಮ್ಮವರೇ, ಕಾಂತೇಶ್ ಮತ್ತು ಚೈತನ್ಯ.

ನಾನು ಸ್ವಲ್ಪ ಬಿಂಕ ಮಾಡಿದೆ. ಆಮೇಲೆ ಎದ್ದು ನಿಂತೆ. ಒಂಬತ್ತು ವರ್ಷದಿಂದ ಮಾಡಿಕೊಂಡು ಬಂದವಳಿಗೆ ಅಭ್ಯಾಸ ಬೇಕೇ? ಎಡಗೈಯನ್ನು ಕಿವಿಗೆ ಒತ್ತಿಕೊಂಡು, ಬಲಗೈಯನ್ನು ಮೈಕಿನ ಹಾಗೆ ಹಿಡಿದು, ಹೊಟ್ಟೆಯಿಂದ ದನಿ ತೆಗೆದೆ.

"ಕಲಾಭಿಮಾನಿಗಳೇ, ರಸಿಕ ಮಹಾಜನಗಳೇ! ಇದೇ ಶನಿವಾರ, ಸಂಜೆ ಆರೂವರೆ ಗಂಟೆಗೆ ಸರಿಯಾಗಿ, ತುಮಕೂರು ಜೂನಿಯರ್ ಕಾಲೇಜು ಮೈದಾನದ ಭವ್ಯವಾದ ರಂಗಸಜ್ಜಿಕೆಯಲ್ಲಿ! ಬೆಂಗಳೂರಿನ ಸುಪ್ರಸಿದ್ಧ ಸೆಕೆಂಡ್ ಷಿಫ್ಟ್ ಸಂಗೀತ ಮಂಡಳಿಯವರು, ತಮ್ಮ ನಾಡಸಂಚಾರದ ಮೊಟ್ಟಮೊದಲ ಪ್ರಯೋಗವನ್ನು ನಿಮ್ಮ ಊರಿನಲ್ಲೇ ನೀಡಲಿದ್ದಾರೆ! ಎದೆ ನಡುಗಿಸುವ ಗಿಟಾರ್ ವಾದನ! ಸಿಡಿಲಬ್ಬರದ ಡ್ರಮ್ಸ್! ಸ್ತ್ರೀಯರಿಗೆ ಪ್ರತ್ಯೇಕ ಆಸನಗಳ ವ್ಯವಸ್ಥೆ ಇರುತ್ತದೆ!"

ಕಾಂತೇಶ್ ಕುರ್ಚಿಯಿಂದ ಜಾರಿ ಬೀಳುವಷ್ಟು ನಕ್ಕ. ಮೋನಿಕಾ ಕಣ್ಣೊರೆಸಿಕೊಂಡಳು. ಸುತ್ತಮುತ್ತ ಕೂತಿದ್ದ ನೆಂಟರೂ ತಿರುಗಿ ನೋಡಿ ನಕ್ಕರು. ನಾನು ಕೈ ಮುಗಿದು ಕೂತೆ. ನಾಚಿಕೆಗೆಟ್ಟವಳು.

ಯಾಕೆಂದರೆ ಆ ದನಿ ನಮ್ಮಪ್ಪನದು. ಇದು ಅಲ್ಲಿ ಕೂತಿದ್ದವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

1998ರ ಮಾತು. ಸೆಕೆಂಡ್ ಷಿಫ್ಟ್ ಅನ್ನುವುದು ಬೆಂಗಳೂರಿನ ಒಂದು ರಾಕ್ ಬ್ಯಾಂಡ್. ನಾಲ್ಕು ಹುಡುಗರು, ಉದ್ದ ಕೂದಲು, ಅರ್ಧ ಇಂಗ್ಲಿಷ್ ಅರ್ಧ ಕನ್ನಡದ ಹಾಡುಗಳು. ನಮ್ಮ ಗುಂಪಿಗೆಲ್ಲ ಸೇರಿ ಅವರ ಕ್ಯಾಸೆಟ್ ಒಂದೇ ಇತ್ತು, ಕಾಂತೇಶನದು. ಅದರ ಕಾಪಿ, ಕಾಪಿಯ ಕಾಪಿ ಅಂತ ಆಗಿ ನನ್ನ ಕೈಗೆ ಬಂದದ್ದರಲ್ಲಿ ಡ್ರಮ್ಸ್ ಸದ್ದು ಪಕ್ಕದ ಮನೆಯಲ್ಲಿ ಯಾರೋ ಬಟ್ಟೆ ಒಗೆದ ಹಾಗೆ ಕೇಳುತ್ತಿತ್ತು. ಆದರೂ ಎಲ್ಲ ಹಾಡೂ ಬಾಯಿಪಾಠ. ಅವರು ಬೆಂಗಳೂರು ಬಿಟ್ಟು ಎಲ್ಲೂ ಹಾಡಿದವರಲ್ಲ. ತುಮಕೂರಿಗೆ ಬನ್ನಿ ಅಂತ ಕ್ಯಾಸೆಟ್ಟಿನ ಹಿಂದಿದ್ದ ವಿಳಾಸಕ್ಕೆ ನಾವು ಏಳು ತಿಂಗಳು ಕಾರ್ಡು ಬರೆದೆವು. ಒಂದಕ್ಕೂ ಉತ್ತರವಿಲ್ಲ. ದಿನಾ ಕಾಲೇಜಿನ ಎದುರಿನ ಟೀ ಅಂಗಡಿ ಹತ್ತಿರ ಮರದ ಕೆಳಗೆ ನಿಂತು ಪೇಪರಿನಲ್ಲಿ ಹುಡುಕುತ್ತಿದ್ದೆವು, ಸುದ್ದಿ ಏನಾದರೂ ಬಂದಿದೆಯಾ ಅಂತ.

ಸುದ್ದಿ ಪೇಪರಿನಲ್ಲಿ ಬರಲಿಲ್ಲ. ಒಂದು ಮಂಗಳವಾರ ಬಿ.ಎಚ್. ರಸ್ತೆಯಲ್ಲಿ, ನೆತ್ತಿಯ ಮೇಲೆ ಎರಡು ಲೌಡ್ ಸ್ಪೀಕರ್ ಕಟ್ಟಿಕೊಂಡ ಆಟೋದಲ್ಲಿ ಬಂತು. "ಸೆಕೆಂಡ್ ಷಿಫ್ಟ್" ಅನ್ನುವ ಎರಡು ಪದ ಕಿವಿಗೆ ಬಿದ್ದದ್ದೇ ರವೀಶ ಟೀ ಗ್ಲಾಸು ಕೈಬಿಟ್ಟ. ಕಾಂತೇಶ್ ಚೈತನ್ಯಳ ಹೆಗಲು ಹಿಡಿದು ಕುಣಿದ. ನಾನೂ ಕುಣಿಯಬೇಕಿತ್ತು. ಆ ದನಿಯೇ ಬೆಳಿಗ್ಗೆ ಗುಬ್ಬಿಯ ನಮ್ಮ ಮನೆಯಲ್ಲಿ ನನ್ನನ್ನು ಎಬ್ಬಿಸಿತ್ತು.

ನಮ್ಮಪ್ಪ ಸಿದ್ದಗಂಗಯ್ಯ ಹನ್ನೆರಡು ವರ್ಷ ನಾಟಕದ ಕಂಪನಿಯೊಂದರಲ್ಲಿ ಪ್ರಚಾರದ ಕೆಲಸ ಮಾಡಿದವನು. ಕಂಪನಿ ಮುಚ್ಚಿದ ಮೇಲೆ ಆಟೋದಲ್ಲಿ ಕೂತು ಸೀರೆ ಮಾರಾಟ, ಕಣ್ಣಿನ ಶಿಬಿರ, ಕುಸ್ತಿ, ಏನು ಸಿಕ್ಕರೂ ಕೂಗುತ್ತಿದ್ದ. ಎಲ್ಲಕ್ಕೂ ಒಂದೇ ನಾಟಕದ ವರಸೆ. ನಾನೋ, ಕಾಲೇಜು ಸೇರಿದ ಮೊದಲ ವಾರವೇ, ನಮ್ಮಪ್ಪ ರೇಷ್ಮೆ ಇಲಾಖೆಯಲ್ಲಿದ್ದಾರೆ ಅಂತ ಹೇಳಿಬಿಟ್ಟಿದ್ದೆ. ಯಾರೂ ಬಲವಂತ ಮಾಡಿರಲಿಲ್ಲ. ಯಾರದೋ ಅಪ್ಪ ಲೆಕ್ಚರರ್ ಅಂದರು, ಯಾರದೋ ಅಪ್ಪ ಬ್ಯಾಂಕು ಅಂದರು, ನನ್ನ ಬಾಯಿಂದ ರೇಷ್ಮೆ ಬಂತು.

ಆಟೋ ನಮ್ಮೆದುರೇ ನಿಂತಿತು. ಅಪ್ಪ ಮೈಕು ಆರಿಸಿ, ಕೈಯಲ್ಲಿ ಪಾಂಪ್ಲೆಟ್ ಹಿಡಿದು ಕೆಳಗಿಳಿದ. ನನ್ನನ್ನು ನೋಡಿದ. ಮುಖ ಊರಗಲ ಆಯಿತು. ಮಗಳು ಏಳು ತಿಂಗಳಿಂದ ಜಪ ಮಾಡುತ್ತಿದ್ದ ಸುದ್ದಿಯನ್ನು ತಾನೇ ತಂದಿದ್ದೇನೆ ಅನ್ನುವ ಖುಷಿ ಅದು. ನನಗೆ ಅವತ್ತೇ ಅರ್ಥವಾಗಿತ್ತು, ಆಮೇಲಲ್ಲ.

"ಯಾರೇ ಅದು, ನಿನ್ನೇ ನೋಡ್ಕೊಂಡ್ ಬತ್ತಾವ್ನೆ?" ಅಂದ ರವೀಶ.

"ನಂಗೇನ್ ಗೊತ್ತು. ಯಾವ್ದೋ ಹುಚ್ಚು," ಅಂದೆ. ಮೆಲ್ಲಗೆ ಅನ್ನಬಹುದಿತ್ತು. ಎಲ್ಲರಿಗೂ ಕೇಳುವ ಹಾಗೆ ಅಂದೆ.

ಅಪ್ಪ ಒಂದು ಗಳಿಗೆ ನಿಂತ. ಆಮೇಲೆ ಬಂದು ಎಲ್ಲರಿಗೂ ಒಂದೊಂದು ಪಾಂಪ್ಲೆಟ್ ಕೊಟ್ಟ. ನನ್ನ ಸರದಿ ಬಂದಾಗ, "ತಗೊಳ್ಳಿ ತಾಯಿ. ತಪ್ಪದೆ ಬನ್ನಿ," ಅಂದ. ಹುಟ್ಟಿದಾಗಿನಿಂದ ಒಂದು ಸಲವೂ ನನಗೆ ಬಹುವಚನ ಹಚ್ಚದವನು. ಆಟೋ ತಿರುವು ದಾಟಿತೋ ಇಲ್ಲವೋ, ನಾನು ಕಿವಿಗೆ ಕೈ ಒತ್ತಿಕೊಂಡು ಅವನನ್ನು ಆಡಿ ತೋರಿಸಿದೆ. ಬಿದ್ದು ಬಿದ್ದು ನಕ್ಕರು. ಇನ್ನು ಯಾರಿಗೂ ಅನುಮಾನ ಬರಲ್ಲ ಅನ್ನಿಸಿ ನನಗೆ ಸಮಾಧಾನವಾಯಿತು. ಅವತ್ತಿನಿಂದ ಗುಂಪಿನಲ್ಲಿ ನನ್ನ ಬೆಲೆ ಏರಿತು.

ರಾತ್ರಿ ಮನೆಯಲ್ಲಿ ಅಪ್ಪ ಮುದ್ದೆ ಮುರಿಯುತ್ತಾ ಅಮ್ಮನಿಗೆ, "ಶನಿವಾರ ಮಗೂನ ಕಳಿಸು ವನಜ, ಚೈತನ್ಯನ ಮನೇಲಿ ಮಲಗಿ ಬರ್ತಾಳೆ, ಹೆಣ್ಮಕ್ಕಳಿಗೆ ಬೇರೆ ಜಾಗ ಮಾಡವ್ರೆ," ಅಂದ. ಅಮ್ಮ ಒಪ್ಪಿದ್ದು ಆ ಒಂದು ಮಾತಿಗೆ. ನಾನು ಹೋದೆ. ತುಮಕೂರಿನ ಉಪ್ಪಾರಹಳ್ಳಿಯ ಅರ್ಧಕ್ಕರ್ಧ ಹೆಂಗಸರು ಅಲ್ಲಿದ್ದರು, ಚಾಪೆ, ಮಕ್ಕಳು, ಕಡಲೆಕಾಯಿ ಸಮೇತ. ಹಾಡುವವನು ಮೊದಲು ಗಾಬರಿಯಾಗಿ, ಆಮೇಲೆ ಹುರುಪೆದ್ದು, ಎರಡೂವರೆ ಗಂಟೆ ಹಾಡಿದ. ಅಂಥ ಸಂಜೆ ಮತ್ತೆ ಬರಲಿಲ್ಲ.

ಆಮೇಲೆ ನಾನು ಟೀಚರಾದೆ. ಮದುವೆಯಾಯಿತು. ಮದುವೆಗೆ ಇವರನ್ನು ಕರೆಯಲಿಲ್ಲ, ಅವಸರದಲ್ಲಿ ಆಗಿಹೋಯ್ತು ಕಣ್ರೋ ಅಂತ ಕತೆ ಕಟ್ಟಿದೆ. ಧಾರೆ ಎರೆಯುವ ಕೈ ಯಾರದು ಅಂತ ಇವರು ನೋಡಬಾರದಿತ್ತು.

ಇಷ್ಟೆಲ್ಲ ನನ್ನೊಳಗೆ ಇಟ್ಟುಕೊಂಡು ನಾನು ಕೊತ್ತಗೆರೆಯ ಶಾಮಿಯಾನದ ಕೆಳಗೆ ಎಲೆಗೆ ಸುಣ್ಣ ಸವರುತ್ತಿದ್ದೆ. ಆಗ ಅಶ್ವಥ್ ಬಾಯಿ ಬಿಟ್ಟರು. ಅಲ್ಲಿಯವರೆಗೆ ಅವರೊಬ್ಬರೇ ನಕ್ಕಿರಲಿಲ್ಲ.

"ಆ ಯಜಮಾನ್ರು ನಂಗೆ ಗೊತ್ತು," ಅಂದರು. "ಆವಾಗ ತುಮಕೂರಲ್ಲಿ ಶಾಮಿಯಾನ, ಮೈಕ್‌ಸೆಟ್ ಅಂಗಡೀಲಿದ್ದೆ. ಆ ಷೋಗೆ ನಾವೇ ಸ್ಟೇಜ್ ಹಾಕಿದ್ದು. ಪ್ರಚಾರಕ್ಕೆ ಅವರನ್ನ ಕರೆಸಿದ್ದೂ ನಾನೇ."

"ಲೇಡೀಸ್ ಸೀಟ್ ಐಡಿಯಾ ಯಾರ್ದು ಭಾವ?" ಕಾಂತೇಶ್ ಕೇಳಿದ. ರವೀಶನ ವರಸೆಯಲ್ಲಿ ನಮ್ಮವರೆಲ್ಲರಿಗೂ ಅವರು ಭಾವ ಆಗಿಬಿಟ್ಟಿದ್ದರು.

"ಅವರ್ದೇ. ಕೂಗೋಕೆ ಕೊಟ್ಟ ಚೀಟೀಲಿ ಬರ್ದಿರ್ಲಿಲ್ಲ. ಆಟೋ ಹತ್ತಲ್ಲ ಅಂತ ಕೂತ್ಬುಟ್ರು. ಹೆಣ್ಮಕ್ಕಳು ಎಲ್ಲಿ ಕೂರ್ತವೆ ಹೇಳು, ಆಮೇಲ್ ಕೂಗ್ತೀನಿ ಅಂತ. ಇದು ರಾಕ್ ಷೋ ಯಜಮಾನ್ರೇ, ಇದಕ್ಕೆ ಯಾವ ಹೆಣ್ಮಕ್ಕಳು ಬತ್ತಾರೆ ಅಂದೆ. 'ನನ್ ಮಗಳು ಬತ್ತಾಳೆ. ಅವ್ಳಿಗೆ ಈ ಹಾಡು ಅಂದ್ರೆ ಪ್ರಾಣ. ಗಂಡು ಹುಡುಗ್ರ ಮಧ್ಯೆ ನಿಂತ್ಕೊಂಡು ಹೆಂಗ್ ನೋಡ್ತಾಳೆ?' ಅಂದ್ರು. ನಮ್ ಓನರ್ರು, ಆಯ್ತು ಹೋಗಯ್ಯ, ಮಧ್ಯಕ್ಕೆ ಅಡ್ಡ ಹಗ್ಗ ಕಟ್ಟಿಸ್ತೀನಿ ಅಂದ್ರು. ಆ ಹಗ್ಗ ಕಟ್ಟಿದ್ದು ನಾನೇ."

"ಅಯ್ಯೋ, ಎಷ್ಟ್ ಒಳ್ಳೇವ್ರು," ಅಂದಳು ಮೋನಿಕಾ.

"ಷೋ ದಿನ ಪೂರ್ತಿ ಆ ಹಗ್ಗದ ಪಕ್ಕದಲ್ಲೇ ನಿಂತಿದ್ರು. ಕೂರಿ ಅಂತ ಕುರ್ಚಿ ಕೊಟ್ರೆ ಕೂರ್ಲಿಲ್ಲ. ಯಜಮಾನ್ರೇ, ಎಲ್ಲಿ ನಿಮ್ ಮಗಳು, ತೋರ್ಸಿ ಅಂದೆ." ಅಶ್ವಥ್ ಬಾಯಲ್ಲಿದ್ದ ಅಡಿಕೆಯನ್ನು ಒಂದು ಪಕ್ಕಕ್ಕೆ ಸರಿಸಿದರು. "'ಬಂದಿಲ್ಲ ಕಣಪ್ಪ. ಹುಷಾರಿಲ್ಲ ಅವ್ಳಿಗೆ' ಅಂದ್ರು. ಮತ್ಯಾಕೆ ಇಷ್ಟೊತ್ತು ನಿಂತಿದೀರಿ ಅಂದ್ರೆ, 'ಇವ್ರೂ ಯಾರ್ದೋ ಮಕ್ಕಳೇ ಅಲ್ವ' ಅಂದ್ರು. ನಂಗೆ ಪಾಪ ಅನ್ನಿಸ್ಬುಡ್ತು. ಅಷ್ಟೆಲ್ಲ ಮಾಡ್ಸಿ ಮಗಳೇ ಬರ್ಲಿಲ್ವಲ್ಲ ಅಂತ."

ನಾನು ಬಂದಿದ್ದೆ. ಮೂರನೇ ಸಾಲಿನಲ್ಲಿ, ಹಗ್ಗದಿಂದ ಹತ್ತು ಹೆಜ್ಜೆ ದೂರದಲ್ಲಿ ಚೈತನ್ಯಳ ಪಕ್ಕ ಕೂತು ಗಂಟಲು ಹರಿಯುವ ಹಾಗೆ ಕೂಗುತ್ತಿದ್ದೆ. ಒಂದು ಸಲವೂ ಹಗ್ಗದ ಕಡೆ ತಿರುಗಿರಲಿಲ್ಲ. ಅವನು ನೋಡಿರುತ್ತಾನೆ. ನಾನು ಅವನನ್ನು ಯಾರೋ ಅಂದಿದ್ದಕ್ಕೆ, ಅವನು ನಾನು ಬಂದೇ ಇಲ್ಲ ಅಂದಿದ್ದ. ಅಸಹ್ಯವಾಯಿತು, ನನ್ನ ಬಗ್ಗೆ, ಈಗಷ್ಟೇ ಕಿವಿಗೆ ಒತ್ತಿಕೊಂಡಿದ್ದ ನನ್ನ ಕೈ ಬಗ್ಗೆ.

"ಅವರಿಗೆ ಒಂದ್ ಥ್ಯಾಂಕ್ಸ್ ಹೇಳ್ಬೇಕಿತ್ತು ಕಣ್ರೋ," ಅಂದ ರವೀಶ. "ಈಗ ಎಲ್ಲವ್ರೋ, ಇದಾರೋ ಇಲ್ವೋ."

"ಇದಾರೆ. ಗುಬ್ಬಿಯೋರು. ನನ್ನತ್ರ ನಂಬರ್ ಇದೆ," ಅಂದೆ.

ಅಷ್ಟೇ ಬಂದದ್ದು ಬಾಯಿಗೆ. ಅಪ್ಪ ಅನ್ನುವ ಮಾತು ನಾಲಿಗೆಯ ತುದಿಯವರೆಗೂ ಬಂದು ಅಲ್ಲೇ ಉಳಿಯಿತು. ಫೋನಿನಲ್ಲಾದರೂ ಹೇಳುತ್ತೇನೆ, ಎಲ್ಲರ ಎದುರಿಗೇ ಹೇಳುತ್ತೇನೆ ಅಂತ ಗಟ್ಟಿ ಮನಸ್ಸು ಮಾಡಿ ಮೊಬೈಲ್ ತೆಗೆದೆ. "ಸ್ಪೀಕರ್ ಹಾಕಿ ಅಕ್ಕ, ಎಲ್ರೂ ಕೇಳೋಣ," ಅಂದಳು ಮೋನಿಕಾ. ಹಾಕಿದೆ. ಕಾಂತೇಶ್ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ. ನಾಲ್ಕು ಸಲ ರಿಂಗಾಯಿತು.

"ಹಲೋ, ಯಾರು?" ವಯಸ್ಸಾಗಿ ಸ್ವಲ್ಪ ಒಡೆದಿದ್ದರೂ ಅದೇ ದನಿ. ರವೀಶ ಗುರುತು ಹಿಡಿದು ಹುಬ್ಬೇರಿಸಿದ.

"ಅಪ್ಪಾ, ನಾನು," ಅಂದೆ.

ಎಲ್ಲರೂ ನನ್ನ ಮುಖ ನೋಡಿದರು. ಚೈತನ್ಯ ಬಾಯಿಗೆ ಕೈ ಇಟ್ಟುಕೊಂಡಳು. ನಾನು ನಿಲ್ಲಿಸದೆ ಹೇಳಿದೆ, ನಿಲ್ಲಿಸಿದರೆ ಮತ್ತೆ ಆಗುತ್ತಿರಲಿಲ್ಲ. "ಅಪ್ಪಾ, ನನ್ ಕಾಲೇಜ್ ಫ್ರೆಂಡ್ಸ್ ಎಲ್ಲ ಇಲ್ಲೇ ಇದಾರೆ. ಆ ಸೆಕೆಂಡ್ ಷಿಫ್ಟ್ ಪ್ರಚಾರ ಮಾಡಿದ್ಯಲ್ಲ, ಅದಕ್ಕೆ ನಿನ್ನತ್ರ ಮಾತಾಡ್ಬೇಕಂತೆ."

ಅಪ್ಪ ದನಿ ತಗ್ಗಿಸಿದ. ಗುಟ್ಟಿನ ಮಾತು ತನ್ನ ಮಗಳಿಗೆ ಮಾತ್ರ ಕೇಳುತ್ತಿದೆ ಅಂತ ಅವನು ನಂಬಿದ್ದ.

"ಅವರತ್ರ ನಾನು ಯಾರು ಅಂತ ಹೇಳಿದೀಯವ್ವಾ? ಹೇಳು, ನಾನೂ ಅದನ್ನೇ ಹೇಳ್ತೀನಿ."

ಮಾತಾಡಬೇಕಿತ್ತು. ಎರಡು ಪದ ಸಾಕಿತ್ತು. ನಾನು ಫೋನನ್ನು ಕುರ್ಚಿಗಳ ನಡುವೆ ಹಾಗೇ ಹಿಡಿದುಕೊಂಡು ಕೂತೆ. ಪಕ್ಕದಲ್ಲಿ ಜನ ಇದ್ದಾರೆ, ಹೇಳಲಾರದೆ ಫೋನು ಅವರಿಗೇ ಕೊಟ್ಟಿದ್ದಾಳೆ ಅಂದುಕೊಂಡಿರಬೇಕು. ಅಪ್ಪ ಕೆಮ್ಮಿ ಗಂಟಲು ಸರಿಮಾಡಿಕೊಂಡ. ಮೈಕಿನ ಮುಂದೆ ತೆಗೆಯುವ ದನಿ ತೆಗೆದ.

"ಎಲ್ರಿಗೂ ನಮಸ್ಕಾರ ಸ್ವಾಮಿ," ಅಂದ. "ನಾನು ಶಾಂತಲಾ ಮೇಡಂ ಅವರ ಊರಿನೋನು."