ವ್ಯಾಕರಣದೊಳಗೆ ಸಿಕ್ಕಿಬಿದ್ದ ತಿಮೋತೆಯಾ

ನಮ್ಮೂರಿನ ಚಟಿನೊ ಮಾತಿಗೆ ವ್ಯಾಕರಣ ಬರೆಯಲು ಕೂತಾಗ ನನ್ನನ್ನು ಕಾಡಿದ್ದು ನಿಯಮಗಳಲ್ಲ, ಉದಾಹರಣೆಗಳು. ಮೆಕ್ಸಿಕೊದ ಓಹಾಕಾ ಬೆಟ್ಟಗಳಲ್ಲಿ ಹುಟ್ಟಿ, ನಗರದಲ್ಲಿ ಭಾಷಾಶಾಸ್ತ್ರ ಓದಿ, ರೆಕಾರ್ಡರ್ ಹಿಡಿದು ನಾನು ಊರಿಗೆ ವಾಪಸು ಬಂದಿದ್ದೆ. ಅದನ್ನು ಎದುರಿಗಿಟ್ಟರೆ ಸಾಕು, ಹಿರಿಯರೆಲ್ಲ ಪಾದ್ರಿಯ ಮುಂದೆ ಕೂತವರ ಹಾಗೆ ಬಿಗಿಯಾಗಿಬಿಡುತ್ತಿದ್ದರು. "ಸೂರ್ಯ ಹುಟ್ಟಿದ. ನಾಯಿ ಬೊಗಳಿತು." ಅಷ್ಟೇ.

ಬಾಯಿ ಬಿಟ್ಟವನೆಂದರೆ ಕ್ರೆಸೆನ್ಸಿಯೊ ದೊಡ್ಡಪ್ಪ ಒಬ್ಬನೇ.

ನಮ್ಮ ಮಾತಿನಲ್ಲಿ ಪ್ರತಿ ಕ್ರಿಯಾಪದಕ್ಕೂ ನಾಲ್ಕು ರೂಪ: ಮುಗಿದದ್ದಕ್ಕೆ ಒಂದು, ನಡೆಯುತ್ತಿರುವುದಕ್ಕೆ ಒಂದು, ದಿನವೂ ನಡೆಯುವುದಕ್ಕೆ ಒಂದು, ಇನ್ನು ನಡೆಯಬೇಕಾದ್ದಕ್ಕೆ ಒಂದು. ದನಿಯ ಏರಿಳಿತ ತಪ್ಪಿದರೆ ಅರ್ಥವೇ ಬೇರೆ. "ಬೈಯುವುದು ಅನ್ನೋದನ್ನ ನಾಲ್ಕೂ ರೂಪದಲ್ಲಿ ಹೇಳು ದೊಡ್ಡಪ್ಪ" ಅಂದೆ. ಕಾಫಿ ಹಣ್ಣು ಬಿಡಿಸುತ್ತಿದ್ದವನು ತಲೆ ಎತ್ತಲೇ ಇಲ್ಲ.

"ತಿಮೋತೆಯಾ ಬೈದಳು. ತಿಮೋತೆಯಾ ಬೈತಿದಾಳೆ. ತಿಮೋತೆಯಾ ದಿನಾ ಬೈತಾಳೆ. ತಿಮೋತೆಯಾ ನಾಳೆನೂ ಬೈಯೋಳೇ."

ತಿಮೋತೆಯಾ ಅಂದರೆ ಅವನ ಹೆಂಡತಿ, ನನ್ನ ದೊಡ್ಡಮ್ಮ, ಅಮ್ಮನ ಅಕ್ಕ. ಎರಡು ವರ್ಷ ಅವನು ಕೊಟ್ಟ ವಾಕ್ಯಗಳಲ್ಲೆಲ್ಲ ಅವಳೇ ಓಡಾಡಿದಳು. ಬೀನ್ಸಿಗೆ ಎರಡು ಸಲ ಉಪ್ಪು ಹಾಕಿದಳು, ಕೋಳಿಯ ಜೊತೆ ಜಗಳವಾಡಿದಳು, ಹುಕಿಲಾ ಸಂತೆಗೆ ಹೋಗಿ ಕೊಂಡದ್ದನ್ನು ಅಲ್ಲೇ ಮರೆತು ಬಂದಳು. ನಾನು ನಗುತ್ತಾ ಬರೆದುಕೊಂಡೆ. ಅವಳಿಗೆ ಓದು ಬಾರದು ಅನ್ನುವುದನ್ನೇ ನೆಚ್ಚಿಕೊಂಡೆ.

ಪುಸ್ತಕ ಬಂದ ದಿನ ಊರಿನ ಸಭಾಗೃಹದಲ್ಲಿ ಜನ ಕಿಕ್ಕಿರಿದಿದ್ದರು. ಶಾಲೆಯ ಹುಡುಗಿಯರು ಒಬ್ಬೊಬ್ಬರಾಗಿ ಎದ್ದು ವಾಕ್ಯಗಳನ್ನು ಓದಿದರು. ಮೂರನೆಯದಕ್ಕೇ ಸಭೆ ಬಿದ್ದು ಬಿದ್ದು ನಕ್ಕಿತು. ಹತ್ತನೆಯದು ಮುಗಿಯುವಷ್ಟರಲ್ಲಿ ಹಿಂದಿನ ಸಾಲಿನಿಂದ ಯಾರೋ ಕೂಗಿದರು: "ತಿಮೋತೆಯಾ, ಆ ಕೋಳಿ ರಾಜಿಗೆ ಬಂತಾ?"

ದೊಡ್ಡಮ್ಮ ಶಾಲನ್ನು ತಲೆ ಮೇಲೆ ಎಳೆದುಕೊಂಡು ಎದ್ದು ಹೋದಳು. ದೊಡ್ಡಪ್ಪನ ನಗು ಅರ್ಧಕ್ಕೇ ನಿಂತಿತು. ನನಗೆ ನೆಲ ಬಾಯಿ ತೆರೆದರೆ ಸಾಕು ಅನ್ನಿಸಿತು. ಊರಿನ ಮರ್ಯಾದೆಗೆಂದು ಮಾಡಿದ ಪುಸ್ತಕದಲ್ಲಿ ಹೆತ್ತಮ್ಮನಷ್ಟೇ ಹತ್ತಿರದವಳ ಮರ್ಯಾದೆ ಕಳೆದಿದ್ದೆ.

ಮರುದಿನ ಬೆಳಿಗ್ಗೆ ಕ್ಷಮೆ ಕೇಳಲು ಹೊರಟವಳಿಗೆ ಅವಳೇ ಬಾಗಿಲಲ್ಲಿ ಎದುರಾದಳು. ಕೈಯಲ್ಲಿ ಬಟ್ಟೆ ಸುತ್ತಿದ ಬಿಸಿ ತೊರ್ತಿಯಾ ರೊಟ್ಟಿ.

"ದೊಡ್ಡಮ್ಮ, ನಂದೇ ತಪ್ಪು..."

"ತಪ್ಪು ಒಪ್ಪು ಆಮೇಲೆ. ಆ ಯಂತ್ರ ತೆಗಿ."

"ಯಾಕೆ?"

"ಪುಸ್ತಕ ಅಂದ್ರೆ ಒಂದೇ ಕಡೆಯವರ ಮಾತು ಕೇಳೋದಾ? ಪಂಚಾಯ್ತಿಲೂ ಇಬ್ಬರನ್ನೂ ಕೇಳ್ತಾರೆ."

ಒಲೆಯ ಪಕ್ಕ ಕೂತು ಶುರು ಮಾಡಿದಳು. "ಕ್ರೆಸೆನ್ಸಿಯೊ ಸುಳ್ಳು ಹೇಳಿದ. ಕ್ರೆಸೆನ್ಸಿಯೊ ಸುಳ್ಳು ಹೇಳ್ತಿದಾನೆ. ದಿನಾ ಹೇಳ್ತಾನೆ. ಸತ್ತ ಮೇಲೂ ಹೇಳೋನೇ." ನಾಲ್ಕೂ ರೂಪ, ಒಂದು ಸ್ವರವೂ ತಪ್ಪಿಲ್ಲ. "ಹೊಲಕ್ಕೆ ಹೋಗಿದ್ದೆ ಅಂತ ಅವನಂತಾನೆ, ನಾನು ನೋಡೇ ಇಲ್ಲ ಅಂತ ಹೊಲ ಅನ್ನುತ್ತೆ." ವಾರದುದ್ದಕ್ಕೂ ಬಂದಳು. ಎರಡು ವರ್ಷ ಹುಡುಕಿ ಸಿಗದ ರೂಪಗಳು ಅವಳ ಬಾಯಲ್ಲಿ ಸಲೀಸಾಗಿ ಉದುರಿದವು.

ಕೊನೆಯ ದಿನ ನಾನು ಕೇಳಿದೆ, "ಹೀಗಾಗದಿದ್ದರೆ ಹಾಗಾಗ್ತಿತ್ತು ಅನ್ನೋ ಥರದ್ದು ಒಂದು ಹೇಳು ದೊಡ್ಡಮ್ಮ. ಅದು ಪುಸ್ತಕದಲ್ಲೇ ಇಲ್ಲ, ಎರಡನೇ ಅಚ್ಚಿಗೆ ಸೇರಿಸ್ತೀನಿ."

ಅವಳು ಕೊಳ್ಳಿಯನ್ನು ಸ್ವಲ್ಪ ಮುಂದಕ್ಕೆ ತಳ್ಳಿದಳು. ಆಮೇಲೆ ರೆಕಾರ್ಡರಿಗಲ್ಲ, ಒಲೆಗೆ ಹೇಳುವ ಹಾಗೆ ಒಂದು ವಾಕ್ಯ ಹೇಳಿ ಎದ್ದು ಹೋದಳು.

ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಕೇಳಿ, ತಾವೂ ಒಮ್ಮೆ ಹೇಳಿ, ಸರಿಯೆಂದರೇ ಅದು ಅಚ್ಚಿಗೆ ಹೋಗುವುದು. ಸ್ವರ ಹಿಡಿಯುವುದರಲ್ಲಿ ದೊಡ್ಡಪ್ಪನನ್ನು ಮೀರಿಸಿದವರಿಲ್ಲ. ಅವನ ಕಿವಿಗೆ ಹೆಡ್‌ಫೋನ್ ಇಟ್ಟೆ.

"ಸುಳ್ಳು ಹೇಳಿದ ಅಂತೆ! ಇದನ್ನ ನಾನೇ ಹೇಳಬೇಕಾ?"

"ನೀನೇ ಹೇಳಬೇಕು ದೊಡ್ಡಪ್ಪ. ನಿಯಮ."

ಗೊಣಗುತ್ತಾ ಹೇಳಿದ. ಹೊಲದ ಮಾತಿಗೆ ನಕ್ಕೇಬಿಟ್ಟ. "ಅವಳ ನಾಲಿಗೆ ನೋಡು, ಮೆಣಸಿನಕಾಯಿಗೇ ಖಾರ ಹತ್ತಬೇಕು!" ನಗುನಗುತ್ತಲೇ ಕೊನೆಯದಕ್ಕೆ ಬಂದ.

ನಲವತ್ತು ವರ್ಷದ ಹಿಂದೆ ಅವನು ಟೊಮೇಟೊ ಕೀಳುವ ಕೂಲಿಗೆ ಉತ್ತರಕ್ಕೆ ಹೋಗಿ ಎರಡು ವರ್ಷ ಸುದ್ದಿಯಿಲ್ಲದೆ ಇದ್ದ. ಸತ್ತನೆಂದೇ ಊರು ನಂಬಿತ್ತು. ಒಂದು ಮಧ್ಯಾಹ್ನ ಬಂದವನಿಗೆ ದೊಡ್ಡಮ್ಮ "ಕಾಲು ತೊಳ್ಕೊ, ಊಟ ಇದೆ" ಎಂದಷ್ಟೇ ಅಂದಿದ್ದಳಂತೆ. ನಿನಗೋಸ್ಕರ ಕಾದಿದ್ದೆ ಎಂದು ಅವಳೂ ಹೇಳಲಿಲ್ಲ, ಕಾದಿದ್ದೆಯಾ ಎಂದು ಅವನೂ ಕೇಳಲಿಲ್ಲ.

ಹೆಡ್‌ಫೋನಿನಲ್ಲಿ ಅವಳ ದನಿ: "ಅವನು ಆವತ್ತು ಬರದೇ ಇದ್ದಿದ್ರೆ, ಇವತ್ತಿಗೂ ಎರಡು ತಟ್ಟೆ ಇಡ್ತಿದ್ದೆ."

ದೊಡ್ಡಪ್ಪ ಇನ್ನೊಮ್ಮೆ ಹಾಕು ಎಂದು ಕೈಸನ್ನೆ ಮಾಡಿದ. ಮತ್ತೊಮ್ಮೆ. ಆಮೇಲೆ ಹೆಡ್‌ಫೋನ್ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಅಂಗಳದ ಕಡೆ ನೋಡುತ್ತಾ ಕೂತ. ಅಲ್ಲಿ ದೊಡ್ಡಮ್ಮ ಒಣಗಲು ಹಾಕಿದ ಕಾಫಿ ಬೀಜವನ್ನು ಕಾಲಿಂದ ತಿರುವಿಹಾಕುತ್ತಿದ್ದಳು.

"ನೀನೂ ಒಂದ್ಸಲ ಹೇಳಬೇಕು ದೊಡ್ಡಪ್ಪ" ಎಂದೆ ಮೆಲ್ಲಗೆ.

"ಇದು ನನ್ನ ಕೈಲಾಗಲ್ಲ ಮಗಳೇ." ಮೂಗು ಒರೆಸಿಕೊಂಡ. "ಸ್ವರ ಸರಿಯಾಗಿದೆ. ಅಚ್ಚು ಹಾಕಿಸು."

ಎದ್ದು ಅಂಗಳಕ್ಕೆ ಹೋದವನು ಚಪ್ಪಲಿ ಬಿಟ್ಟು, ಅವಳ ಪಕ್ಕದಲ್ಲೇ ಕಾಲಿಂದ ಬೀಜ ತಿರುವತೊಡಗಿದ.

"ಇದೇನು ಹೊಸದು?" ದೊಡ್ಡಮ್ಮ ಸಿಡುಕಿದಳು. "ಆ ಸಾಲು ನಾನು ಆಗಲೇ ಮಾಡಿದೀನಿ. ಆಚೆ ಹೋಗು."

ಅವನು ಆಚೆ ಸಾಲಿಗೆ ಹೋದ.